ಮತ್ತೆ ಬಾರದ ನಮೂನೆ

"ಗುರುಗಳೇ, ಒಮ್ಮೆ ತಾನಾಗಿ ಬಂದದ್ದು ಮತ್ತೆ ಕರೆದರೆ ಯಾಕೆ ಬರುವುದಿಲ್ಲ?"

ಹೀಗೆ ಕೇಳಿದವನು ಮರುಳಸಿದ್ಧನೆಂಬ ಶಿಷ್ಯ. ಗುರುಗಳು ಮಠದ ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆಯೆತ್ತದೆ, "ಏನು ಬಂದಿತ್ತು?" ಎಂದರು.

ಶಿಷ್ಯ ಹೇಳಿದ. ಹೋದ ವರ್ಷ ಕಾರ್ತಿಕದಲ್ಲಿ ಒಂದು ಮುಂಜಾನೆ ಧ್ಯಾನಕ್ಕೆ ಕೂತಾಗ ಅವನ ಮನಸ್ಸು ನಿಂತುಬಿಟ್ಟಿತ್ತು. ಎಷ್ಟು ಹೊತ್ತು ಹಾಗಿತ್ತೋ ಅವನಿಗೆ ತಿಳಿಯಲಿಲ್ಲ. ಎದ್ದಾಗ ಅವನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ, ಯಾವ ಭಯವೂ ಇರಲಿಲ್ಲ. ಅಂದಿನಿಂದ ಅವನು ದಿನವೂ ಅದೇ ಹೊತ್ತಿಗೆ, ಅದೇ ಕಂಬದ ಪಕ್ಕದಲ್ಲಿ, ಅದೇ ಚಾಪೆ ಹಾಸಿಕೊಂಡು ಕೂರುತ್ತಿದ್ದ. ಹನ್ನೊಂದು ತಿಂಗಳು ಕಳೆದಿತ್ತು. ಅದು ಮತ್ತೆ ಬಂದಿರಲಿಲ್ಲ.

ಗುರುಗಳು ಮೊರವನ್ನು ಪಕ್ಕಕ್ಕೆ ಸರಿಸಿ, "ಕೂತುಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಬೆಟ್ಟದ ಮೇಲಿನ ಒಂದು ಊರಿನಲ್ಲಿ ದೇವೀರಮ್ಮ ಎಂಬ ಹೆಂಗಸಿದ್ದಳು. ಅವಳದು ಉಣ್ಣೆ ಹೆಣೆಯುವ ಕೆಲಸ. ಆ ಊರಿನಲ್ಲಿ ವರ್ಷದ ಹೆಚ್ಚು ತಿಂಗಳು ಚಳಿ. ಹಾಗಾಗಿ ಯಾವ ಮನೆಗೆ ಹೋದರೂ ಯಾರಾದರೊಬ್ಬರು ಮಡಿಲಲ್ಲಿ ಉಣ್ಣೆಯ ಉಂಡೆ ಇಟ್ಟುಕೊಂಡು, ಕೈಯಲ್ಲಿ ಎರಡು ಕಡ್ಡಿ ಹಿಡಿದು ಕೂತಿರುತ್ತಿದ್ದರು. ಆದರೆ ಕಂಡ ನಮೂನೆಯನ್ನು ಹೆಣೆಯುವುದು ಬೇರೆ, ಹೊಸ ನಮೂನೆಯನ್ನು ಕಟ್ಟುವುದು ಬೇರೆ. ಆ ಊರಿನಲ್ಲಿ ನಮೂನೆ ಕಟ್ಟಬಲ್ಲವಳು ದೇವೀರಮ್ಮ ಒಬ್ಬಳೇ.

ಅವಳ ಕೆಲಸಕ್ಕೆ ಒಂದು ಕ್ರಮವಿತ್ತು. ಮೊದಲು ಏನಾದರೊಂದು ಅವಳ ಕಣ್ಣಿಗೆ ಬೀಳಬೇಕು. ಹಲಸಿನಕಾಯಿಯ ಸಿಪ್ಪೆಯೋ, ಜರಿಗಿಡದ ಎಲೆಯೋ, ಮಾಡಿನ ಮೇಲೆ ಒಂದರ ಮೇಲೊಂದು ಹೊದಿಸಿದ ಹೆಂಚೋ. ಅದನ್ನು ಎರಡು ಮೂರು ದಿನ ಹೋಗಿ ಬಂದು ನೋಡುತ್ತಿದ್ದಳು. ಆಮೇಲೆ ಮಕ್ಕಳ ಲೆಕ್ಕದ ಪುಸ್ತಕದ ಚೌಕುಳಿ ಹಾಳೆಯ ಮೇಲೆ ಬರೆಯುತ್ತಿದ್ದಳು. ಒಂದು ಚೌಕವೆಂದರೆ ಒಂದು ಕುಣಿಕೆ. ಖಾಲಿ ಚೌಕವಾದರೆ ಸೀದಾ ಹೆಣಿಗೆ, ಚುಕ್ಕೆ ಇದ್ದರೆ ಉಲ್ಟಾ ಹೆಣಿಗೆ. ಬರೆದಾದ ಮೇಲೆ ಗೇಣಗಲದ ತುಂಡೊಂದನ್ನು ಹೆಣೆದು, ಒಗೆದು, ನೆರಳಲ್ಲಿ ಒಣಗಿಸಿ, ಎಷ್ಟು ಕುಗ್ಗಿತು ಎಂದು ಅಳೆಯುತ್ತಿದ್ದಳು. ನೋಡಿದರೆ ಹಲಸಿನಕಾಯಿ ಎಂದು ಗುರುತು ಹತ್ತುವಂತಿದ್ದರೆ ಪೂರ್ತಿ ಬಿಚ್ಚಿಬಿಡುತ್ತಿದ್ದಳು. ಕಲಿಯಲು ಬರುವ ಹುಡುಗಿಯರಿಗೆ, "ಕಣ್ಣಿಗೆ ಹಲಸಿನಕಾಯಿ ಕಾಣಬಾರದು, ಕೈಯಾಡಿಸಿದರೆ ಅದು ನೆನಪಾಗಬೇಕು, ಅಷ್ಟೇ" ಎನ್ನುತ್ತಿದ್ದಳು. ಐದಾರು ತುಂಡು ಬಿಚ್ಚಿದ ಮೇಲೆ ಒಂದು ಉಳಿಯುತ್ತಿತ್ತು.

ವರ್ಷಕ್ಕೆ ಎರಡು ಸಲ ಕೆಳಗಿನ ಪಟ್ಟಣದಿಂದ ಉಣ್ಣೆಯ ವ್ಯಾಪಾರಿ ಬರುತ್ತಿದ್ದ. ದೇವೀರಮ್ಮನ ಹಾಳೆಗಳನ್ನು ಒಯ್ದು ಬೇರೆ ಬೇರೆ ಊರಿನ ಹೆಂಗಸರಿಗೆ ಕೊಡುತ್ತಿದ್ದ. ಅವಳು ನೋಡಿರದ ಊರುಗಳಲ್ಲಿ ಅವಳು ಕಂಡಿರದ ಜನ ಅವಳ ನಮೂನೆಗಳನ್ನು ಹೆಣೆಯುತ್ತಿದ್ದರು. ಅವಳಿಗೆ ಅದರಲ್ಲಿ ಸಂತೋಷವಿತ್ತು.

ಅವಳಿಗೆ ಕಡ್ಡಿ ಹಿಡಿಯುವುದನ್ನು ಕಲಿಸಿದವಳು ಅವಳ ಅತ್ತೆ. ದೇವೀರಮ್ಮ ಬಯಲುಸೀಮೆಯಿಂದ ಮದುವೆಯಾಗಿ ಬಂದಾಗ ಉಣ್ಣೆಯನ್ನು ಮುಟ್ಟಿಯೂ ಗೊತ್ತಿರಲಿಲ್ಲ. ಮೊದಲ ಚಳಿಗಾಲದಲ್ಲಿ ಅತ್ತೆ ಅವಳನ್ನು ಒಲೆಯ ಮುಂದೆ ಕೂರಿಸಿಕೊಂಡು, ಹಿಂದಿನಿಂದ ತನ್ನ ಎರಡೂ ಕೈಗಳನ್ನು ಸೊಸೆಯ ಕೈಗಳ ಮೇಲಿಟ್ಟು, ಒಂದೊಂದೇ ಕುಣಿಕೆ ಎತ್ತಿಸಿದ್ದಳು. ತಾಯಿ ಮಗಳಂತೆ ಇದ್ದರು ಎಂದು ಹೇಳಲಾಗದು. ಜಗಳ ಆಗುತ್ತಿತ್ತು, ಮಾತು ಬಿಡುವುದೂ ಇತ್ತು. ಆದರೂ ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ಕೂತವರು ಅವರು.

ಒಂದು ವರ್ಷ ಮಾಗಿಯಲ್ಲಿ ಅತ್ತೆ ಹಾಸಿಗೆ ಹಿಡಿದಳು. ವೈದ್ಯರು ನೋಡಿ, "ಇನ್ನು ಔಷಧದ ಕೆಲಸ ಏನೂ ಇಲ್ಲ, ಹತ್ತಿರ ಇರಿ" ಎಂದು ಹೇಳಿ ಹೋದರು. ದೇವೀರಮ್ಮ ಹತ್ತಿರ ಇದ್ದಳು. ಮಧ್ಯಾಹ್ನದ ಹೊತ್ತು ಮನೆಯ ಕೆಲಸ ಮುಗಿಸಿ ಮಂಚದ ಪಕ್ಕದಲ್ಲಿ ಕೂರುತ್ತಿದ್ದಳು. ಕೈ ಸುಮ್ಮನೆ ಇರಲಾರದೆ ಕಡ್ಡಿ ಹಿಡಿಯುತ್ತಿತ್ತು. ಬೂದುಬಣ್ಣದ ತೆಳು ಉಣ್ಣೆ, ಅತ್ತೆಗೆಂದು ಒಂದು ಶಾಲು. ಹಾಳೆಯ ಮೇಲೆ ಏನನ್ನೂ ಬರೆದಿರಲಿಲ್ಲ.

ಅವಳ ಕಣ್ಣು ಶಾಲಿನ ಮೇಲಿರಲಿಲ್ಲ. ಅತ್ತೆಯ ಉಸಿರು ನಡುನಡುವೆ ನಿಲ್ಲುತ್ತಿತ್ತು. ನಾಲ್ಕು ಸಲ ಸರಾಗವಾಗಿ ಆಡಿದರೆ ಐದನೆಯ ಸಲ ನಿಂತುಬಿಡುತ್ತಿತ್ತು. ಆಗ ದೇವೀರಮ್ಮನ ಕೈಯೂ ನಿಲ್ಲುತ್ತಿತ್ತು. ನೂಲು ಬೆರಳಿಗೆ ಸುತ್ತಿಕೊಂಡಿದ್ದಲ್ಲೇ ಕಡ್ಡಿಗೆ ಒಂದು ಸುತ್ತು ಬರುತ್ತಿತ್ತು. ಎದೆ ಮತ್ತೆ ಏರಿದಾಗ ಕೈ ಮುಂದುವರಿಯುತ್ತಿತ್ತು. ಆ ಹೆಚ್ಚಿನ ಸುತ್ತಿನಿಂದ ಕೈ ನಿಂತ ಕಡೆಯೆಲ್ಲ ಶಾಲಿನಲ್ಲಿ ಒಂದು ಕಿಂಡಿ ಉಳಿಯಿತು. ಹೆದರಿದ ದಿನ ಹೆಣಿಗೆ ಬಿಗಿಯಾಯಿತು, ಅತ್ತೆ ಚೆನ್ನಾಗಿ ನಿದ್ದೆ ಮಾಡಿದ ದಿನ ಸಡಿಲವಾಯಿತು. ಇದೊಂದೂ ಅವಳ ಗಮನಕ್ಕೆ ಬರಲಿಲ್ಲ. ಹದಿನೆಂಟು ದಿನ ಹೀಗೆ ಕಳೆಯಿತು. ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಉಸಿರು ನಿಂತಿತು, ಕೈಯೂ ನಿಂತಿತು. ಬಹಳ ಹೊತ್ತಾದ ಮೇಲೆ ಅವಳು ಕಡ್ಡಿಗಳನ್ನು ಕೆಳಗಿಟ್ಟಳು.

ಅತ್ತೆಯ ತಿಂಗಳ ತಿಥಿಯ ಕೆಲಸಗಳೆಲ್ಲ ಮುಗಿದ ಮೇಲೆ ಅವಳು ಶಾಲಿನ ಅಂಚು ಕಟ್ಟಿ, ಒಗೆದು, ಒಣಗಲು ಹಾಕಿದಳು. ಆಗ ಮೊದಲ ಸಲ ಅದನ್ನು ನೋಡಿದಳು. ಕಿಂಡಿಗಳು ಎಲ್ಲಿಯೂ ಒಂದೇ ಅಂತರದಲ್ಲಿರಲಿಲ್ಲ. ಆದರೂ ಶಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಯಾವುದೋ ಮೆಲ್ಲನೆ ದಾಟಿಹೋದಂತಿತ್ತು. ತನ್ನ ಕೈಯಿಂದ ಇಂಥದ್ದು ಹಿಂದೆ ಬಂದಿರಲಿಲ್ಲ ಎಂಬುದು ಅವಳಿಗೆ ತಿಳಿಯಿತು.

ವ್ಯಾಪಾರಿ ಬಂದವನು ಅದನ್ನು ಕಂಡು ಕೈಗೆತ್ತಿಕೊಂಡ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಆಮೇಲೆ, "ದೇವೀರಮ್ಮ, ಇದನ್ನು ಏನು ನೋಡಿ ಮಾಡಿದಿರಿ?" ಎಂದ.

"ಏನನ್ನೂ ನೋಡಿ ಮಾಡಿದ್ದಲ್ಲ ಶೆಟ್ಟರೇ."

"ಹಾಗಾದರೆ ಇದರ ಹಾಳೆ ಮಾಡಿಕೊಡಿ. ಇಷ್ಟು ವರ್ಷ ನೀವು ಕೊಟ್ಟದ್ದೆಲ್ಲ ಒಂದು ತೂಕ, ಇದೊಂದು ಒಂದು ತೂಕ."

ಆ ಮಾತು ಅವಳ ಮನಸ್ಸಿನಲ್ಲಿ ಕೂತಿತು. ಅವಳು ಶಾಲನ್ನು ಹಲಗೆಯ ಮೇಲೆ ಹರಡಿ, ಸೂಜಿಯ ಮೊನೆಯಿಂದ ಒಂದೊಂದೇ ಕುಣಿಕೆ ಎಣಿಸಿ, ಹಾಳೆಗೆ ಹಾಳೆ ಅಂಟಿಸಿ, ಚೌಕ ತುಂಬಿದಳು. ಅದೇ ಉಣ್ಣೆ ತಂದು, ಹಾಳೆ ನೋಡಿಕೊಂಡು, ಎರಡು ತಿಂಗಳು ಹೆಣೆದಳು. ಒಂದು ಕುಣಿಕೆಯೂ ತಪ್ಪಲಿಲ್ಲ. ಆದರೆ ಎರಡನ್ನೂ ಪಕ್ಕಪಕ್ಕದಲ್ಲಿ ಹಾಸಿದಾಗ ಹೊಸ ಶಾಲು ಹುಳು ತಿಂದ ಬಟ್ಟೆಯಂತೆ ಕಂಡಿತು. ಕಲಿಯಲು ಬಂದ ಹುಡುಗಿಯೊಬ್ಬಳು, "ಇದೆಲ್ಲಾ ಯಾಕಮ್ಮ ತೂತಾಗಿದೆ?" ಎಂದು ಕೇಳಿದಳು. ದೇವೀರಮ್ಮ ಅದನ್ನು ಬಿಚ್ಚಿದಳು.

ಅಂದಿನಿಂದ ಅವಳಿಗೆ ಬೇರೆ ಕೆಲಸ ಬೇಡವಾಯಿತು. ಮಧ್ಯಾಹ್ನ ಅದೇ ಹೊತ್ತಿಗೆ ಖಾಲಿ ಮಂಚದ ಪಕ್ಕದಲ್ಲಿ ಕೂತು ಕಡ್ಡಿ ಹಿಡಿದಳು. ತನ್ನ ಉಸಿರನ್ನೇ ಗಮನಿಸಿ ಹೆಣೆಯಲು ನೋಡಿದಳು. ಗಮನಿಸಿದ ಕೂಡಲೇ ಉಸಿರು ಒಂದೇ ಸಮನಾಗುತ್ತಿತ್ತು. ಕೆರೆಯ ದಂಡೆಗೆ ಹೋಗಿ ನೀರಿನ ಮೇಲೆ ಗಾಳಿ ಹಾಯುವುದನ್ನು ನೋಡಿದಳು. ಬೆಟ್ಟದ ನೆತ್ತಿಗೆ ಹತ್ತಿ ಮಂಜು ಇಳಿಯುವುದನ್ನು ನೋಡಿದಳು. ಅಲ್ಲಿ ಕಂಡದ್ದರಿಂದಲೂ ನಮೂನೆಗಳಾದವು. ವ್ಯಾಪಾರಿ ಅವನ್ನು ಮೆಚ್ಚಿ ಒಯ್ದ, ಹೆಂಗಸರು ಮೆಚ್ಚಿ ಹೆಣೆದರು. ಅವಳಿಗೆ ಮಾತ್ರ ಅವು ಸತ್ತ ಹಾಗೆ ಕಂಡವು. ಹಲಸಿನಕಾಯಿಯ ನಮೂನೆಯನ್ನು ತಾನೇ ಒಂದು ಕಾಲದಲ್ಲಿ ಕುಣಿದಾಡುತ್ತ ಮಾಡಿದ್ದು ಎಂಬುದೂ ಮರೆತುಹೋಯಿತು. ಹುಡುಗಿಯರು ಏನಾದರೂ ಹೊಸದು ಹೆಣೆದು ತಂದರೆ, "ಇದೂ ಒಂದು ನಮೂನೆಯೇ?" ಎಂದುಬಿಡುತ್ತಿದ್ದಳು. ಒಬ್ಬೊಬ್ಬರಾಗಿ ಅವರು ಬರುವುದನ್ನು ಬಿಟ್ಟರು. ಗಂಡ ಊಟಕ್ಕೆ ಕೂತಾಗ ಅವಳ ಮುಖ ನೋಡಿ, ಮಾತಾಡದೆ ಉಂಡು ಏಳುತ್ತಿದ್ದ. ಹೀಗೆ ಒಂದು ವರ್ಷ ಹೋಯಿತು.

ಮರುವರ್ಷದ ಚಳಿಯಲ್ಲಿ ಕೆಳಗಿನ ಬೀದಿಯ ಕೆಂಚಮ್ಮ ಕಾಯಿಲೆ ಬಿದ್ದಳು. ವೀಳ್ಯದೆಲೆ ಮಾರಿ ಬದುಕುತ್ತಿದ್ದ ಮುದುಕಿ, ಹಿಂದೆ ಮುಂದೆ ಯಾರೂ ಇಲ್ಲದವಳು. ಎದೆಯಲ್ಲಿ ಕಫ ಕಟ್ಟಿ, ಉಸಿರಾಡಲು ಕಷ್ಟಪಡುತ್ತಿದ್ದಾಳೆ ಎಂದು ನೀರಿಗೆ ಹೋದವರು ಮಾತಾಡಿಕೊಂಡರು.

ಆ ಮಾತು ಕಿವಿಗೆ ಬಿದ್ದಾಗ ದೇವೀರಮ್ಮನ ಎದೆ ಒಮ್ಮೆ ಹೊಡೆದುಕೊಂಡಿತು. ಅದು ಯಾಕೆಂದು ಅವಳು ತನ್ನನ್ನು ಕೇಳಿಕೊಳ್ಳಲಿಲ್ಲ. ಮಧ್ಯಾಹ್ನ ಒಂದು ಚೆಂಬಿನಲ್ಲಿ ಗಂಜಿ ತೆಗೆದುಕೊಂಡು ಹೊರಟಳು. ಇನ್ನೊಂದು ಕೈಯ ಚೀಲದಲ್ಲಿ ಬೂದುಬಣ್ಣದ ಉಣ್ಣೆಯೂ ಕಡ್ಡಿಗಳೂ ಇದ್ದವು.

ಮೂರು ದಿನ ಹೋದಳು. ಗಂಜಿ ಕುಡಿಸಿ, ಗೋಡೆಗೆ ಒರಗಿ ಕೂತು ಹೆಣೆದಳು. ಬೀದಿಯ ಜನ, "ಅತ್ತೆಗೂ ಮಾಡಿದಳು, ಈಗ ಯಾರೂ ಅಲ್ಲದವಳಿಗೂ ಮಾಡುತ್ತಿದ್ದಾಳೆ, ದೊಡ್ಡ ಮನಸ್ಸು" ಎಂದರು. ಅವಳು ಕೇಳಿಯೂ ಕೇಳದಂತಿದ್ದಳು.

ನಾಲ್ಕನೆಯ ದಿನ ಕೆಂಚಮ್ಮನಿಗೆ ಕೆಮ್ಮು ಹತ್ತಿತು. ಕೆಮ್ಮಿ ಕೆಮ್ಮಿ ಸುಸ್ತಾಗಿ ಕಣ್ಣು ಅರ್ಧ ಮುಚ್ಚಿದಳು. ಉಸಿರು ನಿಂತಿತು. ದೇವೀರಮ್ಮನ ಕೈ ತಾನಾಗಿ ಕಡ್ಡಿಗೆ ಒಂದು ಸುತ್ತು ನೂಲು ಹಾಕಿತು. ಬಂತು ಎಂದುಕೊಂಡಳು. ಮುಂದಿನದಕ್ಕೆ ಬೆರಳು ಸಿದ್ಧಮಾಡಿಕೊಂಡು ಕಾದಳು.

ಕೆಂಚಮ್ಮ ದೊಡ್ಡದಾಗಿ ಉಸಿರೆಳೆದು ಕಣ್ಣು ತೆರೆದಳು. ದೇವೀರಮ್ಮನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲನೆ ಕೇಳಿದಳು: "ನನ್ನ ಉಸಿರು ನಿಂತಾಗ ನಿನ್ನ ಮುಖ ಅರಳಿತಲ್ಲ, ಯಾಕವ್ವ?"

ದೇವೀರಮ್ಮ ಎದ್ದಳು. ಕಡ್ಡಿಗಳನ್ನು ಚೀಲಕ್ಕೆ ತುರುಕಿಕೊಂಡು ಮನೆಗೆ ಬಂದಳು. ಬಂದವಳು ಬಚ್ಚಲಿಗೆ ಹೋಗಿ ಮುಖ ತೊಳೆದಳು. ಮತ್ತೆ ತೊಳೆದಳು. ಗಂಡ, "ಏನಾಯಿತು?" ಎಂದು ಕೇಳಿದ್ದಕ್ಕೆ, "ಏನಿಲ್ಲ, ಹೊಗೆ" ಎಂದಳು. ನಾಲ್ಕು ದಿನ ಹೆಣೆದದ್ದನ್ನು ಸಂಜೆಯೊಳಗೆ ಬಿಚ್ಚಿ ಉಂಡೆ ಸುತ್ತಿದಳು.

ಮರುದಿನ ಹೋಗುವುದೋ ಬೇಡವೋ ಎಂದು ಅವಳಿಗೆ ತೋಚಲಿಲ್ಲ. ಹೋಗದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮೈ ಸರಿಯಿಲ್ಲ ಎಂದರೆ ಮುಗಿಯುತ್ತಿತ್ತು. ಗಂಜಿ ಕಾಯಿಸಿ, ಒಲೆಯ ಪಕ್ಕದಲ್ಲಿಟ್ಟು, ಅದು ಆರುವವರೆಗೂ ನೋಡುತ್ತ ಕೂತಳು. ಆಮೇಲೆ ಮತ್ತೆ ಬಿಸಿ ಮಾಡಿ, ಚೆಂಬನ್ನು ಮಾತ್ರ ತೆಗೆದುಕೊಂಡು ಹೋದಳು.

ಹೋಗಿ ಬಾಗಿಲಲ್ಲೇ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅತ್ತೆಯ ಕಾಯಿಲೆ, ಶಾಲು, ಅದು ಮತ್ತೆ ಬಾರದೆ ಹೋದದ್ದು, ಅದಕ್ಕಾಗಿಯೇ ತಾನು ಇಲ್ಲಿಗೆ ಬಂದದ್ದು. ಏನನ್ನೂ ಮುಚ್ಚಲಿಲ್ಲ.

ಕೆಂಚಮ್ಮ ಪೂರ್ತಿ ಕೇಳಿದಳು. ಅವಳಿಗೆ ನಗು ಬಂತು, ನಗುವಿನ ಹಿಂದೆ ಕೆಮ್ಮೂ ಬಂತು. "ಹಾಗಾದರೆ ನಾನು ಬೇಗ ಸಾಯುವುದೂ ಬೇಡ, ಬೇಗ ಏಳುವುದೂ ಬೇಡ ಅನ್ನು" ಎಂದಳು.

"ತಪ್ಪಾಯಿತಮ್ಮ" ಎಂದಳು ದೇವೀರಮ್ಮ.

"ಆಯಿತು. ಬಾಗಿಲಲ್ಲಿ ನಿಂತರೆ ಚಳಿ ಒಳಗೆ ಬರುತ್ತದೆ. ಬಂದಿದ್ದೀಯಲ್ಲ, ಬೆನ್ನು ತಿಕ್ಕು. ನಾಲ್ಕು ದಿನದಿಂದ ಕೇಳಬೇಕು ಅಂತಿದ್ದೆ, ನಿನ್ನ ಎರಡು ಕೈಯೂ ಖಾಲಿ ಇರಲಿಲ್ಲ."

ದೇವೀರಮ್ಮ ಎಣ್ಣೆ ಬಿಸಿ ಮಾಡಿ ಬೆನ್ನು ತಿಕ್ಕಿದಳು. ಆ ಬೆನ್ನು ಬಗ್ಗಿತ್ತು. ಎಡಗಡೆಯ ಹೆಗಲ ಮೂಳೆ ಮೇಲೆದ್ದಿತ್ತು. ದಿನವೂ ಎಲೆಯ ಬುಟ್ಟಿ ಹೊತ್ತ ಹೆಗಲು ಅದು. ಅಂದಿನಿಂದ ಅವಳು ದಿನಕ್ಕೆ ಎರಡು ಹೊತ್ತು ಹೋದಳು. ನೀರು ಕಾಯಿಸಿ ಮೈ ಒರೆಸಿದಳು, ಹಾಸಿಗೆಯ ಬಟ್ಟೆ ಒಗೆದಳು, ಕಫ ಕರಗಲೆಂದು ಕಷಾಯ ಕುಡಿಸಿದಳು. ಕೆಂಚಮ್ಮನ ಉಸಿರು ನಿಂತಾಗಲೆಲ್ಲ ಅವಳನ್ನು ಎತ್ತಿ ಕೂರಿಸಿ, ಎದೆಗೆ ಒರಗಿಸಿಕೊಂಡು, ಬೆನ್ನು ತಟ್ಟುತ್ತಿದ್ದಳು. ಉಸಿರು ಬಂದ ಮೇಲೆ ಮಲಗಿಸುತ್ತಿದ್ದಳು. ಈ ದಿನಗಳಲ್ಲಿ ಯಾವ ನಮೂನೆಯೂ ಅವಳಿಗೆ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂಬುದು ನೆನಪಿಗೂ ಬರಲಿಲ್ಲ.

ಒಂದೂವರೆ ತಿಂಗಳಿಗೆ ಕೆಂಚಮ್ಮ ಎದ್ದು ಅಂಗಳಕ್ಕೆ ಬಂದು ಬಿಸಿಲಲ್ಲಿ ಕೂತಳು. ಅಂದು ಅವಳೇ ಕೇಳಿದಳು: "ನೀನು ದೊಡ್ಡ ಹೆಣಿಗೆಯವಳಂತೆ. ನನಗೊಂದು ಸ್ವೆಟರ್ ಹಾಕಿಕೊಡು. ಆದರೆ ತೂತು ಬೇಡ, ಗಾಳಿ ನುಗ್ಗುತ್ತದೆ."

ದೇವೀರಮ್ಮ ಅಳತೆ ತೆಗೆದುಕೊಳ್ಳಲಿಲ್ಲ. ಆ ಮೈಯ ಅಳತೆ ಅವಳ ಕೈಗೆ ಗೊತ್ತಿತ್ತು. ದಪ್ಪ ಉಣ್ಣೆ ತಂದು, ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಹೆಣೆದಳು. ಬಗ್ಗಿದರೆ ಸೊಂಟ ಬರಿದಾಗದಂತೆ ಹಿಂಭಾಗವನ್ನು ಮುಂಭಾಗಕ್ಕಿಂತ ನಾಲ್ಕು ಬೆರಳು ಉದ್ದ ಬಿಟ್ಟಳು. ಎಡಗಡೆಯ ಹೆಗಲಿಗೆ ಕೆಲವು ಸಾಲು ಹೆಚ್ಚು ಹಾಕಿದಳು. ಕೆಂಚಮ್ಮನ ಬೆರಳು ಸೆಟೆದುಕೊಂಡಿದ್ದವು, ಅದಕ್ಕೆ ದೊಡ್ಡ ಗುಂಡಿಗಳನ್ನು ಹೊಲಿದಳು. ಎಂಟು ದಿನಕ್ಕೆ ಮುಗಿಯಿತು.

ವ್ಯಾಪಾರಿ ಮತ್ತೆ ಊರಿಗೆ ಬಂದಾಗ ಸಂತೆಯಲ್ಲಿ ಎಲೆ ಮಾರುತ್ತಿದ್ದ ಕೆಂಚಮ್ಮನನ್ನು ಕಂಡ. ಅವನದು ಉಣ್ಣೆ ಕಂಡಲ್ಲಿ ನಿಲ್ಲುವ ಕಣ್ಣು. "ಇದು ಯಾರ ಕೆಲಸ?" ಎಂದ. ದೇವೀರಮ್ಮನದು ಎಂದು ತಿಳಿದು ಅವನಿಗೆ ಆಶ್ಚರ್ಯವಾಯಿತು. "ಇದರಲ್ಲಿ ನಮೂನೆಯೇ ಇಲ್ಲವಲ್ಲ ಅಜ್ಜಿ" ಎಂದ.

"ಬೆಚ್ಚಗಿದೆ" ಎಂದಳು ಕೆಂಚಮ್ಮ. "ಎಲೆ ಎಷ್ಟು ಕಟ್ಟು ಕೊಡಲಿ?"

ದೇವೀರಮ್ಮನ ಮನೆಗೆ ಹೋಗಿ ವ್ಯಾಪಾರಿ ಬೂದುಬಣ್ಣದ ಶಾಲಿನ ಮಾತು ತೆಗೆದ. ಅವನು ಅದನ್ನು ಮರೆತಿರಲಿಲ್ಲ. ಶಾಲು ಮನೆಯಲ್ಲಿಲ್ಲ ಎಂದಳು ಅವಳು. "ನಾದಿನಿ ಬಾಣಂತನಕ್ಕೆ ತವರಿಗೆ ಬಂದಿದ್ದಳು, ಅಮ್ಮನದು ಏನಾದರೂ ಕೊಡಿ ಎಂದಿದ್ದಳು, ಕೊಟ್ಟೆ. ಮಗುವಿಗೆ ಹೊದಿಸಿಕೊಂಡು ಹೋದಳು. ಬಿಸಿನೀರಿನಲ್ಲಿ ಒಗೆದು ಒಗೆದು ಈಗ ಕಿಂಡಿಗಳೆಲ್ಲ ಕೂಡಿಕೊಂಡಿರಬೇಕು."

ವ್ಯಾಪಾರಿ ಹಣೆ ಒತ್ತಿಕೊಂಡ. ದೇವೀರಮ್ಮ ಅವನಿಗೆ ಕಾಫಿ ಕೊಟ್ಟು, ಆ ವಾರ ಬರೆದ ಎರಡು ಹಾಳೆಗಳನ್ನು ಮುಂದಿಟ್ಟಳು. ಒಂದು ಹುರುಳಿಯ ಹೊಲದ ಸಾಲು ನೋಡಿ ಮಾಡಿದ್ದು, ಇನ್ನೊಂದು ಬಾಳೆಯ ದಿಂಡಿನ ಅಡ್ಡಕೊಯ್ತ ನೋಡಿ ಮಾಡಿದ್ದು. ಎರಡನೆಯದು ಅಷ್ಟೇನೂ ಚೆನ್ನಾಗಿಲ್ಲ ಎಂದು ತಾನೇ ಹೇಳಿದಳು. ಬಿಟ್ಟುಹೋಗಿದ್ದ ಹುಡುಗಿಯರ ಮನೆಗಳಿಗೆ ಅವಳೇ ಹೋಗಿ ಕರೆದಳು. ಇಬ್ಬರು ಬಂದರು, ಒಬ್ಬಳು ಬರಲಿಲ್ಲ. ಗಂಡ ಊಟಕ್ಕೆ ಕೂತಾಗ ಮಾತಾಡತೊಡಗಿದ. ಮುಂದೆ ಹದಿನೈದು ಇಪ್ಪತ್ತು ವರ್ಷ ಅವಳು ನಮೂನೆಗಳನ್ನು ಕಟ್ಟಿದಳು. ಕೆಲವು ಚೆನ್ನಾಗಿ ಬಂದವು, ಹಲವು ಸಾಧಾರಣವಾದವು. ಈಗಲೂ ಆ ಬೆಟ್ಟದ ಕಡೆ ಅವುಗಳಲ್ಲಿ ಹಲಸಿನಕಾಯಿಯ ನಮೂನೆಯನ್ನು ಹೆಂಗಸರು ಮಕ್ಕಳಿಗೆ ಹೆಣೆಯುತ್ತಾರೆ, ಯಾರು ಕಟ್ಟಿದ್ದು ಎಂದು ಯಾರಿಗೂ ಗೊತ್ತಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಮರುಳಸಿದ್ಧ ಇನ್ನೂ ಏನೋ ಇದೆ ಎಂದು ಕಾದ. ಗುರುಗಳು ಮತ್ತೆ ಅವರೆಕಾಯಿಗೆ ಕೈ ಹಾಕಿದ್ದನ್ನು ನೋಡಿ ಕೇಳಿದ: "ಆಮೇಲೆ ಅವಳಿಗೆ ಆ ಶಾಲಿನಂಥದ್ದು ಎಂದಾದರೂ ಮತ್ತೆ ಬಂತೇ?"

ಗುರುಗಳು ಹೇಳಿದರು: "ಅವಳು ಆಮೇಲೆ ಅದನ್ನು ಕೇಳಲಿಲ್ಲ, ಕೇಳುತ್ತಿರುವವನು ನೀನು."